ಹಿನ್ನೀರಿನ ಹುಲ್ಲು, ಅಪ್ಪೆಯ ಸೊನೆ

ಯುಗಾದಿಗೆ ಇನ್ನೊಂದು ವಾರವಿತ್ತು. ನಿಟ್ಟೂರು ಪೇಟೆಯಲ್ಲಿ ಕೊಡಚಾದ್ರಿಗೆ ಹೋಗುವ ಜೀಪುಗಳು ಸಾಲಾಗಿ ನಿಂತಿದ್ದವು. ಅವುಗಳ ಪಕ್ಕ ಬೆಂಗಳೂರಿನ ಕಾರೊಂದು ಬಂದು ನಿಂತಿತು. ಡಿಕ್ಕಿ ತೆರೆದರೆ ಒಳಗೆ ಎದೆಯೆತ್ತರದ ಚೀಲ, ಅದರ ಬಾಯಿಂದ ಇಣುಕುವ ಕಬ್ಬಿಣದ ಮೂತಿಯ ಕೋಲುಗಳು. ಜೀಪಿನ ಹುಡುಗರು ಸುತ್ತ ಸೇರಿದರು. ‘ಎಂತದು ಸರ್ ಇದು, ಹಾಕಿ ಸ್ಟಿಕ್ಕಾ?’ ಎಂದು ಒಬ್ಬ ಕೇಳಿದ. ಕಾರಿನವರು ನಗುತ್ತಾ ಒಂದು ಕೋಲು ತೆಗೆದು ಅವನ ಕೈಗೇ ಕೊಟ್ಟರು. ಕೋಲು ಕೈಯಿಂದ ಕೈಗೆ ಹೋಗಿ, ಎಲ್ಲರೂ ಒಮ್ಮೆ ಬೀಸಿ ನೋಡಿ ಆದಮೇಲೆ ಚೀಲಕ್ಕೆ ಮರಳಿತು.

ಆ ದಂಪತಿ ನನ್ನ ಭಾವನ ಮನೆಗೆ ಬಂದವರು. ಅಡಿಕೆ ತೋಟದ ಅಂಚಿನ ಹಳೇ ಮನೆಯ ಎರಡು ಕೋಣೆಗಳನ್ನು ಭಾವ ಹೋಂಸ್ಟೇ ಮಾಡಿದ್ದಾರೆ. ರಾತ್ರಿ ಊಟಕ್ಕೆ ಕೂತಾಗ ಅತಿಥಿ ಕೇಳಿದರು: ‘ಇಲ್ಲಿ ಹತ್ತಿರ ಎಲ್ಲಾದ್ರೂ ಗಾಲ್ಫ್ ಆಡೋಕೆ ಜಾಗ ಇದ್ಯಾ? ಮತ್ತೆ ಈ ಕಡೇದೇ ಅಂತ ಯಾವ್ದಾದ್ರೂ ಜಿನ್ ಸಿಗುತ್ತಾ?’ ಭಾವ ನನ್ನ ಮುಖ ನೋಡಿದರು. ಎರಡೂ ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಅವರು ಕೇಳಿದ ರೀತಿಯಲ್ಲಿ ದೊಡ್ಡಸ್ತಿಕೆ ಇರಲಿಲ್ಲ, ಆಸೆ ಇತ್ತು. ಹಿಂದಿನ ವರ್ಷ ಸ್ಕಾಟ್ಲೆಂಡಿನ ಐಲಾ ದ್ವೀಪಕ್ಕೆ ಹೋಗಿದ್ದರಂತೆ. ಬೆಳಿಗ್ಗೆ ಕಡಲ ದಂಡೆಯಲ್ಲಿ ಗಾಲ್ಫ್, ಸಂಜೆ ಅದೇ ದ್ವೀಪದ ಜಿನ್. ಅಂಥದ್ದೇ ರಜೆ ನಮ್ಮ ರಾಜ್ಯದ ಹಳ್ಳಿಯಲ್ಲಿ ಯಾಕೆ ಆಗಬಾರದು ಎನ್ನುವುದು ಅವರ ಪ್ರಶ್ನೆ.

ಐಲಾದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿನ ಮಾಕ್ರಿ ಎಂಬ ಗಾಲ್ಫ್ ಅಂಗಳ 1891ರದ್ದು. ಅದಕ್ಕಾಗಿ ಗುಡ್ಡ ಕಡಿದು ನೆಲ ಮಟ್ಟ ಮಾಡಿದವರಿಲ್ಲ. ಸಮುದ್ರ ತಂದು ಒಟ್ಟಿದ ಮರಳ ದಿಬ್ಬ, ಅದರ ಮೇಲೆ ತಾನಾಗಿ ಹಬ್ಬಿದ ಗಿಡ್ಡ ಹುಲ್ಲು, ಆ ಹುಲ್ಲನ್ನು ಮೇಯುವ ಕುರಿ. ಉಳುಮೆ ಕಾಣದ, ಮೇವಿಗಷ್ಟೇ ಆಗುವ ಇಂಥ ಕಡಲಂಚಿನ ನೆಲಕ್ಕೆ ಸ್ಕಾಟ್ಲೆಂಡಿನಲ್ಲಿ ‘ಲಿಂಕ್ಸ್’ ಎನ್ನುತ್ತಾರೆ. ಗಾಲ್ಫ್ ಬೆಳೆದದ್ದೇ ಅಲ್ಲಿ. 1744ರಲ್ಲಿ ಎಡಿನ್‌ಬರೋ ಪಕ್ಕದ ಲೀತ್‌ನಲ್ಲಿ 13 ನಿಯಮಗಳನ್ನು ಬರೆದಿಟ್ಟರು. 1764ರಲ್ಲಿ ಸೇಂಟ್ ಆಂಡ್ರೂಸ್‌ನವರು 18 ಕುಳಿಗಳ ಲೆಕ್ಕಕ್ಕೆ ಬಂದರು, ಮುಂದೆ ಲೋಕವೆಲ್ಲ ಅದನ್ನೇ ಹಿಡಿಯಿತು. ಅದೇ ಐಲಾದಲ್ಲಿ ‘ಬೊಟಾನಿಸ್ಟ್’ ಎಂಬ ಜಿನ್ ಮಾಡುತ್ತಾರೆ. ದ್ವೀಪದ ಬೇಲಿಯಂಚಿನಲ್ಲಿ, ಜೌಗಿನಲ್ಲಿ, ದಂಡೆಯಲ್ಲಿ ಬೆಳೆಯುವ 22 ಬಗೆಯ ಸೊಪ್ಪು, ಹೂವುಗಳನ್ನು ಕೈಯಿಂದ ಕುಯ್ದು ತಂದು ಅದಕ್ಕೆ ಸೇರಿಸುತ್ತಾರೆ. ಆಟವೂ ಪಾನೀಯವೂ ಆ ನೆಲದಿಂದಲೇ ಎದ್ದವು. ಅತಿಥಿಯ ಮನಸ್ಸನ್ನು ಹಿಡಿದದ್ದು ಅದೇ ಎಂದು ಮಾತಾಡುತ್ತಾ ಗೊತ್ತಾಯಿತು.

ಕರ್ನಾಟಕಕ್ಕೆ ಗಾಲ್ಫ್ ಬಂದದ್ದು ಬ್ರಿಟಿಷ್ ದಂಡಿನವರ ಜೊತೆ. ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಬ್ರಿಟನ್ನಿನ ಹೊರಗೆ ಅಷ್ಟು ಹಳೆಯವು ಬೆರಳೆಣಿಕೆಯಷ್ಟು. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡದ ರೇಸ್‌ಕೋರ್ಸಿನ ಒಳಗೇ ಒಂದಿದೆ. ಕೋಲಾರ ಚಿನ್ನದ ಗಣಿಯ ಇಂಗ್ಲಿಷರಿಗೂ ಆಡಬೇಕಿತ್ತು. ಅಲ್ಲಿ ನೀರಿಲ್ಲ, ಹುಲ್ಲು ನಿಲ್ಲುವುದಿಲ್ಲ. ಕುಳಿಯ ಸುತ್ತ ‘ಗ್ರೀನ್’ ಇರಬೇಕಾದಲ್ಲಿ ಅವರು ಮರಳು ಹಾಸಿ ‘ಬ್ರೌನ್’ ಮಾಡಿಕೊಂಡರು. ನೆಲ ಕೊಟ್ಟದ್ದರಲ್ಲೇ ಆಡಿದ ಆ ಬುದ್ಧಿ ನನಗೆ ತುಂಬ ಹಿಡಿಸಿತು. ಕೊಡಗಿನಲ್ಲಿ ವಿರಾಜಪೇಟೆ ಹತ್ತಿರ ಬಿಟ್ಟಂಗಾಲದಲ್ಲಿ, ಪೊಲಿಬೆಟ್ಟದ ಬ್ಯಾಂಬೂ ಕ್ಲಬ್ಬಿನಲ್ಲಿ, ಮಡಿಕೇರಿಯಲ್ಲಿ ಕಾಫಿ ತೋಟದವರು ಇವತ್ತಿಗೂ ಆಡುತ್ತಾರೆ. ಬೆಳಿಗ್ಗೆ ಒಂಬತ್ತು ಕುಳಿ, ಸಂಜೆ ತೋಟದ ಬಂಗಲೆಯ ಜಗಲಿಯಲ್ಲಿ ಒಂದು ಲೋಟ: ಅತಿಥಿ ಬಯಸಿದ ರಜೆ ನಮ್ಮ ರಾಜ್ಯದಲ್ಲಿ ಇರುವುದಾದರೆ ಅದು ಕೊಡಗಿನಲ್ಲೇ.

ಈಗ ಈ ಆಟ ಬರೀ ಕ್ಲಬ್ಬಿನವರದ್ದಾಗಿ ಉಳಿದಿಲ್ಲ ಎನ್ನುವುದನ್ನೂ ಹೇಳಬೇಕು. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದಾಗ ಇನ್ನೂ ಹದಿಹರೆಯ. 2021ರಲ್ಲಿ ಟೋಕಿಯೊದಲ್ಲಿ ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವಳಾದಳು. ಅವತ್ತು ಗಾಲ್ಫಿನ ಗಂಧ ಗಾಳಿ ಗೊತ್ತಿಲ್ಲದ ನಮ್ಮೂರಿನವರೂ ಬೆಳಿಗ್ಗೆ ಬೇಗ ಎದ್ದು ಟೀವಿ ಮುಂದೆ ಕೂತಿದ್ದರು. ಭಾವನ ಮಗಳು ಆ ದಿನವೇ ಬೈನೆ ದಂಟಿನಲ್ಲಿ ಕೋಲು ಮಾಡಿಕೊಂಡು ಅಂಗಳದಲ್ಲಿ ಉದುರಿದ ಅಡಿಕೆ ಹೊಡೆದಿದ್ದಳು.

ಹಾಗಾದರೆ ನಮ್ಮ ಹೊಸನಗರ ತಾಲ್ಲೂಕಿನಲ್ಲೂ ಒಂದು ಗಾಲ್ಫ್ ಅಂಗಳ ಆಗಲಿ ಎನ್ನಬಹುದೆ? ನಾನು ಬೇಡ ಎನ್ನುತ್ತೇನೆ. 18 ಕುಳಿಗಳ ಅಂಗಳಕ್ಕೆ ನೂರು ಎಕರೆಗೂ ಮಿಕ್ಕಿ ನೆಲ ಬೇಕು. ಈ ತಾಲ್ಲೂಕಿನ ಒಳ್ಳೆಯ ಸಮತಟ್ಟು ನೆಲ ಎಲ್ಲಿ ಹೋಯಿತು ಎಂದು ಇಲ್ಲಿನ ಯಾವ ಅಜ್ಜಿಯನ್ನಾದರೂ ಕೇಳಿ. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಶರಾವತಿಯನ್ನು ನಿಲ್ಲಿಸಿದರು. ಆಮೇಲೆ ವಾರಾಹಿಗೆ ಮಾಣಿ, ಅದರ ಜೊತೆ ಚಕ್ರಾ, ಸಾವೇಹಕ್ಕಲು. ಗದ್ದೆ, ತೋಟ, ದೇವಸ್ಥಾನ, ಕೇರಿ ಎಲ್ಲ ನೀರಿನಡಿ. ಎದ್ದು ಹೋದವರ ಮೊಮ್ಮಕ್ಕಳು ಇಂದಿಗೂ ಭೂಮಿಯ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಉಳಿದಿರುವುದು ಕಾಡು, ಕಣಿವೆಯ ತೋಟ, ತೋಟಕ್ಕೆ ಸೊಪ್ಪು ಕೊಡುವ ಬೆಟ್ಟ, ದನ ಮೇಯುವ ಬ್ಯಾಣ. ಬ್ಯಾಣ ನೋಡಲು ಖಾಲಿ ಜಾಗದಂತೆ ಕಂಡರೂ ಊರಿನ ಕೊಟ್ಟಿಗೆಗಳೆಲ್ಲ ಬದುಕಿರುವುದು ಅದರಿಂದ. ಮಳೆಯ ಲೆಕ್ಕ ಬೇರೆ. ನಮ್ಮ ಆಚೆ ಘಟ್ಟದ ತಲೆಯಲ್ಲಿರುವ ಹುಲಿಕಲ್ಲಿಗೆ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಹುಲ್ಲಿಗೆ ಹಾಕಿದ ಗೊಬ್ಬರ, ಹೊಡೆದ ಔಷಧಿ ಒಂದೇ ಆಷಾಢದಲ್ಲಿ ತೊಳೆದು ಹಳ್ಳಕ್ಕೆ ಹೋಗುತ್ತದೆ. ಆ ಹಳ್ಳದ ನೀರನ್ನೇ ಮುಂದಿನ ಮನೆಯವರು ದಂಬೆ ಕಟ್ಟಿ ಅಡುಗೆಮನೆಗೆ ತರುತ್ತಾರೆ.

ಇದನ್ನೆಲ್ಲ ಊಟದೆಲೆ ಮುಂದೆ ಹೇಳಿದಾಗ ಅತಿಥಿ ಮರುಮಾತಿಲ್ಲದೆ ಕೇಳಿಸಿಕೊಂಡರು. ‘ಸರಿ, ಕೋಲು ಕಾರಲ್ಲೇ ಇರ್ಲಿ ಬಿಡಿ’ ಎಂದರು. ಜಿನ್ನಿನ ಮಾತು ಮಾತ್ರ ಬಿಡಲಿಲ್ಲ. ಬೆಂಗಳೂರಿನಲ್ಲಿ ಕೊಂಡು ತಂದಿದ್ದ ಒಂದು ಬಾಟಲಿ ಅವರ ಬಳಿ ಇತ್ತು: ಅಮೃತ್ ಕಂಪನಿಯ ‘ನೀಲಗಿರೀಸ್’. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಮೃತ್ 2004ರಲ್ಲಿ ಗ್ಲಾಸ್ಗೋದಲ್ಲೇ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಮಾರಾಟಕ್ಕಿಟ್ಟು ಹೆಸರು ಮಾಡಿದ ಕಂಪನಿ. ಅವರ ಈ ಜಿನ್‌ನಲ್ಲಿ ನೀಲಗಿರಿಯ ಚಹಾ, ವೀಳ್ಯದೆಲೆ ಇವೆ.

ಭಾವನ ಮನೆಯಲ್ಲಿ ಒಂದು ಕಟ್ಟಳೆ ಇದೆ. ಮನೆಯೊಳಗೆ, ಜಗಲಿಯಲ್ಲಿ ಮದ್ಯ ಇಲ್ಲ. ಮನೆಯವರು ಕೊಡುವುದೂ ಇಲ್ಲ; ಹೋಂಸ್ಟೇಯಲ್ಲಿ ಮದ್ಯ ಮಾರಲು ಅಬಕಾರಿ ಪರವಾನಗಿ ಬೇಕು. ಅತಿಥಿಗಳು ತಮ್ಮದನ್ನು ತಂದರೆ ಅಡಿಕೆ ಚಪ್ಪರದ ಆಚೆಯ ಕಲ್ಲುಬೆಂಚಿನ ಮೇಲೆ, ಮಿತಿಯಲ್ಲಿ. ಈ ಕಟ್ಟಳೆಯ ಹಿಂದೆ ನೋವಿದೆ. 2007ರ ಜುಲೈ ಒಂದರಂದು ರಾಜ್ಯದಲ್ಲಿ ಸಾರಾಯಿ ನಿಂತಿತು. ಅದಕ್ಕೆ ಮೊದಲಿನ ಸಂಜೆಗಳು ಹೇಗಿದ್ದವು ಎಂಬುದನ್ನು ಕೂಲಿ ಕೇರಿಗಳ ಹೆಂಗಸರು ಮರೆತಿಲ್ಲ. ಅತ್ತಿಗೆಯ ಜೊತೆ ತೋಟದ ಕೆಲಸಕ್ಕೆ ಬರುವವರಲ್ಲಿ ಅಂಥವರು ಇದ್ದಾರೆ. ಊರಿಗೆ ಬಂದು ಬಾಟಲಿ ಬಿಚ್ಚುವವರಿಗೆ ಇದು ತಿಳಿದಿರಬೇಕು. ಅತಿಥಿ ದಂಪತಿ ತಾವಾಗಿಯೇ ಕೇಳಿ ತಿಳಿದುಕೊಂಡು ಬೆಂಚಿಗೆ ಹೋದರು.

ಜಿನ್ ಎಂದರೆ ಏನು ಎಂದು ದೊಡ್ಡಪ್ಪ ವಿಚಾರಿಸಿದರು. ಎಂಬತ್ತರ ಹತ್ತಿರದ ದೊಡ್ಡಪ್ಪ ಜೀವಮಾನದಲ್ಲಿ ಕುಡಿದವರಲ್ಲ, ಆದರೆ ಯಾವ ಕಸುಬಿನ ಒಳಗುಟ್ಟನ್ನೂ ಕೇಳದೆ ಬಿಟ್ಟವರಲ್ಲ. ಅತಿಥಿ ಹೇಳಿದರು. ಧಾನ್ಯದಿಂದಲೋ ಕಾಕಂಬಿಯಿಂದಲೋ ವಾಸನೆಯೇ ಇಲ್ಲದಂಥ ಶುದ್ಧ ಮದ್ಯಸಾರ ತೆಗೆದು, ಅದಕ್ಕೆ ಜುನಿಪರ್ ಎಂಬ ಕಾಯಿ, ಕೊತ್ತಂಬರಿ ಬೀಜ, ನಿಂಬೆ ಜಾತಿಯ ಸಿಪ್ಪೆ, ಬೇರು ನಾರು ಹಾಕಿ ಮತ್ತೊಮ್ಮೆ ಭಟ್ಟಿ ಇಳಿಸುತ್ತಾರೆ. ಮೊದಲು ಬರುವುದನ್ನೂ ಕೊನೆಗೆ ಬರುವುದನ್ನೂ ಬೇರೆ ತೆಗೆದು ನಡುವಿನದ್ದನ್ನಷ್ಟೇ ಉಳಿಸಿಕೊಂಡು ನೀರು ಬೆರೆಸುತ್ತಾರೆ. ನಮ್ಮ ದೇಶದ ಬಾಟಲಿಗಳಲ್ಲಿ ಸಾಮಾನ್ಯವಾಗಿ ಶೇ 42.8ರ ಮದ್ಯಸಾರ. ಜುನಿಪರ್ ಹಿಮಾಲಯದಲ್ಲೂ ಬೆಳೆಯುತ್ತದೆ. ಆಯುರ್ವೇದದವರು ಅದನ್ನು ಹಪುಷಾ ಎನ್ನುತ್ತಾರೆ. ಗೋವಾದ ನಾವೊ ಕಂಪನಿಯವರು ತಮ್ಮ ಒಂದು ಜಿನ್‌ಗೆ ಆ ಹೆಸರನ್ನೇ ಇಟ್ಟಿದ್ದಾರೆ.

‘ಶಿವಮೊಗ್ಗದ ಗಂಧದೆಣ್ಣೆ ಫ್ಯಾಕ್ಟರಿ ಇದ್ದಾಂಗೇ ಆತು ಅಲ್ದ’ ಎಂದರು ದೊಡ್ಡಪ್ಪ. ಅಲ್ಲಿ 1944ರಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆಯನ್ನು ಹುಡುಗನಾಗಿದ್ದಾಗ ನೋಡಿದ್ದರಂತೆ. ಗಂಧದ ಪುಡಿಯ ಮೂಲಕ ಹಬೆ ಹಾಯಿಸಿ, ಹಬೆ ತಣಿದಾಗ ಎಣ್ಣೆಯನ್ನು ಹಿಡಿಯುವ ಕೆಲಸ. ಅವರು ಹೇಳಿದ್ದು ಸರಿಯೇ. ಗಿಡದ ಪರಿಮಳ ಹಬೆಯ ಬೆನ್ನೇರಿ ಬರುವುದು ಎರಡರಲ್ಲೂ ಒಂದೇ.

ಆಮೇಲೆ ನಡೆದದ್ದನ್ನು ನಾನು ಬಹಳ ದಿನ ನೆನೆಯುತ್ತೇನೆ. ಅತಿಥಿ ಸಣ್ಣ ಗಾಜಿನ ಲೋಟಕ್ಕೆ ಎರಡು ಚಮಚದಷ್ಟು ಜಿನ್ ಹಾಕಿ, ಅಷ್ಟೇ ನೀರು ಬೆರೆಸಿದರು. ನೀರು ಬೆರೆತರೆ ವಾಸನೆ ಅರಳುತ್ತದೆ. ‘ಕುಡೀಬೇಡಿ, ಮೂಸಿ ನೋಡ್ತೀರಾ?’ ಎಂದು ಕೇಳಿದರು. ದೊಡ್ಡಪ್ಪ ಲೋಟವನ್ನು ಮೂಗಿನ ಹತ್ತಿರ ತರಲಿಲ್ಲ. ಎದೆಯ ಮಟ್ಟದಲ್ಲಿ ಹಿಡಿದು, ಕಣ್ಣು ಮುಚ್ಚಿ, ಬಾಯಿ ಚೂರು ತೆರೆದು ಗಾಳಿ ಎಳೆದರು. ತಡೆದು ಮತ್ತೊಮ್ಮೆ. ‘ಕೊತ್ತಂಬರಿ ಬೀಜ’ ಎಂದರು. ‘ಕವಳದ ಎಲೆ ಇದ್ದು, ಆದ್ರೆ ನಮ್ಮ ತೋಟದ್ದರಷ್ಟು ಖಾರ ಅಲ್ಲ.’ ಕೊನೆಗೆ ಬಹಳ ಹೊತ್ತು ಸುಮ್ಮನಿದ್ದು, ‘ಇನ್ನೊಂದು ಇದ್ದು. ಅದು ಗೊತ್ತಾಗ್ತಿಲ್ಲೆ. ರಾಳಧೂಪದ ಮರ ಕಚ್ಚು ಹಾಕಿದಾಗ ಬರ್ತಲ, ಹಾಂಗಿದ್ದು.’

ಅದು ಜುನಿಪರ್. ಜುನಿಪರ್‌ನ ಪರಿಮಳಕ್ಕೆ ಮುಖ್ಯ ಕಾರಣ ಪೈನೀನ್ ಎಂಬ ಟರ್ಪೀನು. ಮರಗಳ ರಾಳದಲ್ಲಿರುವುದೂ ಅದೇ ಮನೆತನ. ಆ ಸಂಜೆಯವರೆಗೆ ಹೆಸರು ಕೇಳಿರದ, ಕಣ್ಣಲ್ಲಿ ಕಂಡಿರದ ಕಾಯಿಯನ್ನು ಆ ಮುದುಕರ ಮೂಗು ಕೊಡಚಾದ್ರಿಯ ಕಾಡಿನ ಮರದ ಪಕ್ಕ ನಿಲ್ಲಿಸಿತ್ತು. ಅತಿಥಿಯ ಹೆಂಡತಿ ಎದ್ದು ಹೋಗಿ ನೋಟ್‌ಬುಕ್ ತಂದರು.

ಈ ಮೂಗು ಬಂದದ್ದು ಅಪ್ಪೆಮಿಡಿಯಿಂದ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಹೊಳೆಯಂಚಿನ ಕಾಡುಮಾವಿನಲ್ಲಿ ಪ್ರತಿ ಮರದ ಪರಿಮಳವೂ ಬೇರೆ. ಒಂದರಲ್ಲಿ ಜೀರಿಗೆ, ಒಂದರಲ್ಲಿ ಕರ್ಪೂರ, ಇನ್ನೊಂದರಲ್ಲಿ ಕಿತ್ತಳೆ ಸಿಪ್ಪೆ. ಶಿವರಾತ್ರಿ ಕಳೆದು ಮಿಡಿ ಕಾಲ ಬಂದಾಗ, ಉಪ್ಪಿನಕಾಯಿಗೆ ಯಾವ ಮರ ಎಂದು ನಿಶ್ಚಯ ಮಾಡಬೇಕು. ಮಿಡಿ ಇಲ್ಲದ ಕಾಲದಲ್ಲೂ ಬಲ್ಲವರು ಎಲೆ ಹಿಸುಕಿ ಮೂಸಿ ಜಾತಿ ಹೇಳುತ್ತಾರೆ. ಮರ ಹತ್ತಿದವರು ಮಿಡಿ ನೆಲಕ್ಕೆ ಬಿದ್ದು ಜಜ್ಜದಂತೆ ಬುಟ್ಟಿಗೆ ಹಗ್ಗ ಕಟ್ಟಿ ಇಳಿಸುತ್ತಾರೆ. ತೊಟ್ಟು ಉಳಿಸಿಯೇ ಕುಯ್ಯಬೇಕು, ಇಲ್ಲದಿದ್ದರೆ ಸೊನೆ ಸೋರಿಹೋಗುತ್ತದೆ. ಪರಿಮಳವೆಲ್ಲ ಇರುವುದು ಸೊನೆಯಲ್ಲಿ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಅತಿಥಿಗಳನ್ನು ಕರೆದುಕೊಂಡು ಹೊಳೆಬದಿಗೆ ಹೋದರು. ಹೊರಡುವ ಮೊದಲು ಎಲ್ಲರ ಕೈಕಾಲಿಗೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಸಿದರು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಕಂಡ ಮಂಗನಕಾಯಿಲೆ ಇಂದಿಗೂ ಬೇಸಿಗೆಯಲ್ಲಿ ಈ ಭಾಗದ ತಾಲ್ಲೂಕುಗಳನ್ನು ಕಾಡುತ್ತದೆ. ಅದನ್ನು ಹರಡುವ ಉಣುಗು ಇರುವುದು ತರಗೆಲೆಯ ನಡುವೆ. ಪ್ರವಾಸಕ್ಕೆ ಬರುವವರು ಮಂಗ ಸತ್ತ ಸುದ್ದಿ ಇರುವ ಕಾಡಿಗೆ ಹೋಗಲೇಬಾರದು, ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ನಾವು ಹೋದದ್ದು ಊರ ದಾರಿಯಂಚಿನ ಮರಕ್ಕೆ.

ದೊಡ್ಡಪ್ಪ ಒಂದು ಮಿಡಿಯನ್ನು ದೂರ ಹಿಡಿದು ತೊಟ್ಟು ಮುರಿದರು. ಸೊನೆ ಎಳೆಯಾಗಿ ಚಿಮ್ಮಿತು. ಅದು ಚರ್ಮಕ್ಕೆ ತಾಗಿದರೆ ಸುಟ್ಟು ಹುಣ್ಣಾಗುತ್ತದೆ. ಹಾಗಾಗಿ ಎಲೆಯ ಮೇಲೆ ಬಿದ್ದ ಹನಿಯನ್ನೇ ಮೂಸಲು ಕೊಟ್ಟರು. ಅತಿಥಿಯ ಮುಖ ನೋಡಬೇಕಿತ್ತು. ಜಿನ್ ಬಾಟಲಿಯ ಮುಚ್ಚಳ ತೆಗೆದಾಗಿನ ಆ ಹಸಿರು, ತಣ್ಣನೆಯ, ಮೂಗಿನ ನೆತ್ತಿಗೆ ಹೋಗುವ ವಾಸನೆ ಇಲ್ಲಿ ಹತ್ತು ಪಾಲಾಗಿತ್ತು. ಮಾವಿನ ಸೊನೆಯೂ ಟರ್ಪೀನುಗಳ ಗಣಿಯೇ.

ಅವತ್ತು ಮಧ್ಯಾಹ್ನ ಅತ್ತಿಗೆ ಊಟದ ಕೊನೆಗೆ ಅಪ್ಪೆಹುಳಿ ಕೊಟ್ಟರು. ಮಿಡಿ ಬೇಯಿಸಿ ಕಿವುಚಿ, ನೀರು ಹೆಚ್ಚು ಮಾಡಿ, ಜೀರಿಗೆ ಮೆಣಸು ಕಿವುಚಿ, ಇಂಗಿನ ಒಗ್ಗರಣೆ ಕೊಟ್ಟದ್ದು. ಲೋಟಗಟ್ಟಲೆ ಕುಡಿದು ಮಲಗಿದರೆ ಸಂಜೆ ನಾಲ್ಕರವರೆಗೆ ಎಚ್ಚರವಾಗುವುದಿಲ್ಲ. ಜೊತೆಗೆ ಮುರುಗಲು ಹಣ್ಣಿನ ಪಾನಕ, ಕಂಚಿಕಾಯಿ ಸಿಪ್ಪೆ, ತೋಟದ ಜಾಯಿಕಾಯಿಯ ಪತ್ರೆ, ಏಲಕ್ಕಿ, ಹಸಿ ಕಾಳುಮೆಣಸು ಎಲ್ಲ ಒಂದು ಬಾಳೆಲೆಯ ಮೇಲೆ ಬಂದವು. ಸಂಜೆ ಬೆಂಚಿನ ಮೇಲೆ ಅತಿಥಿ ದಂಪತಿ ಒಂದೊಂದನ್ನೂ ತಮ್ಮ ಲೋಟಕ್ಕೆ ಹಾಕಿ ನೋಡಿದರು. ನಾನೂ ಒಂದೆರಡು ಗುಟುಕು ಕುಡಿದೆ. ಹಸಿ ಮೆಣಸಿನ ನಾಲ್ಕು ಕಾಳು ಜಜ್ಜಿ ಹಾಕಿದ್ದೇ ನನಗೆ ಎಲ್ಲಕ್ಕಿಂತ ಹೆಚ್ಚು ರುಚಿಸಿತು. ಮುರುಗಲು ಬಣ್ಣ ಕೊಟ್ಟಿತೇ ಹೊರತು ಉಳಿದೆಲ್ಲವನ್ನೂ ನುಂಗಿತು.

ಟಾನಿಕ್ ನೀರಿನ ಕಹಿ ಬಾಯಿಗೆ ತಾಗಿದಾಗ ಅಜ್ಜಿಯ ನೆನಪಾಯಿತು. ಆ ಕಹಿ ಕ್ವಿನೈನ್‌ದು, ಸಿಂಕೋನಾ ಮರದ ತೊಗಟೆಯ ಸತ್ವ. ಇಂಗ್ಲಿಷರು 1860ರ ದಶಕದಲ್ಲಿ ನೀಲಗಿರಿಯಲ್ಲಿ ಆ ಮರದ ತೋಟಗಳನ್ನೇ ಎಬ್ಬಿಸಿದರು. ಮಲೇರಿಯಾ ತಡೆಯಲು ಕುಡಿಯಬೇಕಾದ ಕಹಿಗೆ ಸೋಡಾ, ಸಕ್ಕರೆ ಸೇರಿಸಿ, ಜಿನ್‌ನ ಜೊತೆ ಗಂಟಲಿಗೆ ಇಳಿಸಿಕೊಂಡರು. ಮಲೆನಾಡಿಗೂ ಅದೇ ಜ್ವರ ಬಂದಿತ್ತು. ಚಳಿಜ್ವರಕ್ಕೆ ನಮ್ಮ ಕಡೆ ಮನೆಮನೆಗಳೇ ಬರಿದಾದವು. ಗಟ್ಟಿ ಗೋಡೆಯ, ಆಳಿಲ್ಲದ ಮನೆಗಳ ಕಥೆಯನ್ನು ಅಜ್ಜಿ ಹೇಳುತ್ತಿದ್ದಳು. ಕ್ವಿನೈನ್ ಎಂದು ಹೇಳುವಾಗ ಅವಳ ಮುಖ ಕಿವುಚಿಕೊಳ್ಳುತ್ತಿತ್ತು. ಈಗಿನ ಟಾನಿಕ್‌ನಲ್ಲಿ ಇರುವುದು ನಾಲಿಗೆಗೆ ತಾಗುವಷ್ಟು ಮಾತ್ರ, ಅದರಿಂದ ಯಾವ ಜ್ವರವೂ ಹೋಗುವುದಿಲ್ಲ.

ನನಗೆ ಒಂದು ಆಸೆ ಹುಟ್ಟಿದ್ದು ಆ ಬೆಂಚಿನ ಮೇಲೆಯೇ. ಅಡಿಕೆಯೊಂದನ್ನೇ ನಂಬಿದ ತೋಟಗಳನ್ನು ಎಲೆಚುಕ್ಕೆ ರೋಗ ನಡುಗಿಸಿದೆ. ಮೆಣಸಿನ ಬಳ್ಳಿಗೆ ಸೊರಗು. ಇಂಥ ಹೊತ್ತಿನಲ್ಲಿ ಕಂಚಿ ಸಿಪ್ಪೆಗೆ, ಜಾಯಿಪತ್ರೆಗೆ, ಅಪ್ಪೆಯ ಎಲೆಗೆ ಯಾರಾದರೂ ಪರವಾನಗಿ ಉಳ್ಳ ಭಟ್ಟಿಯವರು ಬಂದು ಬೆಲೆ ಕಟ್ಟಿ ಕೊಂಡರೆ ಎರಡು ಕಾಸು ಬಂದೀತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಈ ಘಟ್ಟದ ಕಾಳಿನ ವಾಸನೆಗೆ ಮರುಳಾಗಿಯೇ. ಆದರೆ ಮರಕ್ಕೆ ಕೊಡಲಿ ಹಾಕಿ ಮಿಡಿ ಕುಯ್ಯುವ ದುರಾಸೆಯವರನ್ನೂ ಈ ಕಾಡು ಕಂಡಿದೆ. ಮರ ಉಳಿಸಿ ಎಲೆ ಕೊಯ್ಯುವ ವ್ಯಾಪಾರ ಆದರೆ ಮಾತ್ರ ನನ್ನ ಒಪ್ಪಿಗೆ. ಮದ್ಯದವರೇ ಆಗಬೇಕೆಂದೂ ಇಲ್ಲ, ಅದೇ ಎಲೆಯ ಹಬೆಯಿಂದ ಅಮಲಿಲ್ಲದ ಷರಬತ್ತನ್ನೂ ಮಾಡಬಹುದು.

ಮೂರನೆಯ ದಿನ ಭಾವ ಹೇಳಿದರು: ‘ನಿಮ್ಮ ಕೋಲು ತಗೊಂಡ್ ಬನ್ನಿ ಸರ್. ಒಂದು ಜಾಗ ತೋರಸ್ತಿ.’ ಜೀಪು ಹೊಸನಗರದ ಕಡೆ ಹೋಗಿ ಹಿನ್ನೀರಿನ ಅಂಚಿಗೆ ಇಳಿಯಿತು. ಲಿಂಗನಮಕ್ಕಿ ತುಂಬಿದಾಗ ನೀರು 1819 ಅಡಿಗೆ ನಿಲ್ಲುತ್ತದೆ. ಸಂಕ್ರಾಂತಿ ಕಳೆದ ಮೇಲೆ ದಿನದಿನವೂ ಹಿಂದೆ ಸರಿಯುತ್ತದೆ. ಸರಿದಲ್ಲೆಲ್ಲ ತೇವದ ಮಣ್ಣಿನಲ್ಲಿ ತಾನಾಗಿ ಹುಲ್ಲು ಏಳುತ್ತದೆ. ಬಿತ್ತಿದವರಿಲ್ಲ, ಕತ್ತರಿಸುವ ಯಂತ್ರವಿಲ್ಲ. ಊರ ದನ ಎಮ್ಮೆ ಮೇದು ಮೇದು ಅದು ಗಿಡ್ಡವಾಗಿ, ದಟ್ಟವಾಗಿ ಹಬ್ಬಿರುತ್ತದೆ. ಆಚೀಚೆ ಮುಳುಗಡೆಯಲ್ಲಿ ಸತ್ತ ಮರಗಳ ಕರಿ ಬೊಡ್ಡೆ. ಮಕ್ಕಳು ಎಲ್ಲೆಲ್ಲೂ ಕ್ರಿಕೆಟ್ ಆಡುತ್ತಿದ್ದರು.

ಅತಿಥಿ ಬಹಳ ಹೊತ್ತು ಮಾತಾಡದೆ ನಿಂತರು. ‘ಇದು ಲಿಂಕ್ಸ್ ರೀ’ ಎಂದು ಹೆಂಡತಿಗೆ ಹೇಳಿದರು. ಆಮೇಲೆ ಕೋಲು ತೆಗೆದು, ಮಕ್ಕಳಿಂದ ದೂರ, ನೀರಿನ ಕಡೆಗೆ ಬೆನ್ನು ಮಾಡಿ ಸೆವೆನ್ ಐರನ್ನಿನಲ್ಲಿ ಒಂದು ಚೆಂಡು ಹೊಡೆದರು. ಬಿಳಿ ಚುಕ್ಕೆ ಏರಿ, ಇಳಿದು, ಎಮ್ಮೆಗಳ ಈಚೆ ಬಿತ್ತು. ಭಾವನ ಮಗಳು ಓಡಿದಳು. ತಂದಿದ್ದ ಐದು ಚೆಂಡುಗಳೇ ಸರತಿಯಲ್ಲಿ ನೂರಾರು ಸಲ ಎದ್ದವು, ಅವಳೂ ಹೊಡೆದಳು, ಕ್ರಿಕೆಟ್ ಬಿಟ್ಟು ಬಂದ ಹುಡುಗರೂ ಹೊಡೆದರು. ಕುಳಿಗೆ ಒಂದು ಎಮ್ಮೆಯ ಗೊರಸಿನ ಗುರುತು ಸಾಕಾಯಿತು. ಬಾವುಟಕ್ಕೆ ದೊಡ್ಡಪ್ಪನ ಕೆಂಪು ಚೌಕದ ಪಂಚೆ.

ಒಮ್ಮೆ ಚೆಂಡು ಹುಡುಕಲು ಬಗ್ಗಿದ ಭಾವನ ಮಗಳು ಕೈಯಲ್ಲಿ ಮಡಕೆಯ ಚೂರು ಹಿಡಿದು ಎದ್ದಳು. ಅಲ್ಲಿ ಕಲ್ಲಿನ ಪಂಚಾಂಗದ ಗೆರೆ ಕಾಣುತ್ತಿತ್ತು, ಯಾರದೋ ಮನೆಯದ್ದು. ದೊಡ್ಡಪ್ಪ ಹತ್ತಿರ ಬಂದು ನಿಂತು, ಇದು ಇಂಥವರ ಮನೆ ಇದ್ದ ಜಾಗ, ಅಗೋ ಅಲ್ಲಿ ಬಾವಿ ಎಂದು ತೋರಿಸಿದರು. ಅತಿಥಿ ಕೋಲನ್ನು ಚೀಲಕ್ಕೆ ಹಾಕಿ ಆ ಗೆರೆಯ ಆಚೆಗೆ ಸರಿದರು. ಆಮೇಲೆ ಆಟ ಅಲ್ಲಿಂದ ಇನ್ನೂರು ಮಾರು ದೂರದಲ್ಲಿ ನಡೆಯಿತು. ಸಂಜೆ ಹೊರಡುವಾಗ ಚೆಂಡು ಎಣಿಸಿದರು. ಐದೂ ಇದ್ದವು. ನೀರು ಏರಿದಾಗ ಮೀನಿನ ಪಾಲಿಗೆ ಒಂದೂ ಉಳಿಯಬಾರದು ಎನ್ನುವುದು ಅವರೇ ಹಾಕಿಕೊಂಡ ನಿಯಮ. ಜೂನ್‌ನಲ್ಲಿ ಮಳೆ ಹಿಡಿದರೆ ಈ ಅಂಗಳ ಮತ್ತೆ ನೀರಿನಡಿಗೆ ಹೋಗುತ್ತದೆ, ನಾವು ಆಡಿದ ಗುರುತೂ ಇರುವುದಿಲ್ಲ.

ಹೊರಡುವ ದಿನ ಅತ್ತಿಗೆ ಒಂದು ಭರಣಿ ಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟರು. ಅತಿಥಿ ಬಾಟಲಿಯಲ್ಲಿ ಉಳಿದಿದ್ದ ನಾಲ್ಕು ಬೆರಳಿನಷ್ಟು ಜಿನ್ನನ್ನು ತಮ್ಮ ಫ್ಲಾಸ್ಕಿಗೆ ಸುರಿದುಕೊಂಡು, ಖಾಲಿ ಬಾಟಲಿಯನ್ನು ಕಸಕ್ಕೆಂದು ಕಾರಿಗಿಡಲು ಹೊರಟರು. ದೊಡ್ಡಪ್ಪ ಜಗಲಿಯಿಂದಲೇ ಕೂಗಿದರು: ‘ಅದು ಇಲ್ಲೇ ಇರ್ಲಿ.’ ಜೇನುತುಪ್ಪಕ್ಕೆ, ಸೊನೆಗೆ ನಮ್ಮಲ್ಲಿ ಮೊದಲಿಂದಲೂ ಇಂಥ ಬಾಟಲಿಗಳೇ. ಬಚ್ಚಲಿನ ಬಿಸಿನೀರಲ್ಲಿ ಮೂರು ಸಲ ತೊಳೆದು, ಬಿಸಿಲಿಗೆ ಬಾಯಿ ಮೇಲಾಗಿ ಇಟ್ಟರು. ಮಧ್ಯಾಹ್ನ ಕರ್ಪೂರ ಅಪ್ಪೆಯ ಬುಟ್ಟಿ ಮುಂದಿಟ್ಟುಕೊಂಡು, ಒಂದೊಂದೇ ಮಿಡಿಯ ತೊಟ್ಟು ಮುರಿದು, ಬಾಟಲಿಯ ಬಾಯಿಗೆ ಸೊನೆ ಹಿಡಿಯುತ್ತಾ ಕೂತರು.